ಕೈಗೆ ಕೂತ ಪಿಸ್ತೂಲು

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನೇಳನೆಯ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪೆದ್ದು,

ಹೇಗಿದ್ದೀಯ? ಬೆನ್ನುನೋವು ಸ್ವಲ್ಪ ಕಡಿಮೆಯಾಯಿತೇ? ಲಾರಿಯ ಮುಂದಿನ ಸೀಟಿನಲ್ಲಿ ದಿನವಿಡೀ ಕುಲುಕಿಸಿಕೊಂಡು ಕೂರುವವನು ಸೊಂಟಕ್ಕೊಂದು ದಿಂಬು ಇಟ್ಟುಕೊಳ್ಳಬೇಕು ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಕಾವಲಿನವನು ದಿಂಬು ಒರಗಿ ಕೂತರೆ ಜನ ನಗುತ್ತಾರೆ ಎಂದು ನೀನು ಹೋದ ಸಲ ಬರೆದಿದ್ದೆ. ನಗಲಿ ಬಿಡು, ನಕ್ಕವರೇನು ನಿನ್ನ ಬೆನ್ನು ತಿಕ್ಕಿಕೊಡುತ್ತಾರೆಯೇ? ಅಪ್ಪ ಆರಾಮವಾಗಿದ್ದಾನೆ. ಬಲಗೈ ಹಾಗೇ ಇದೆ, ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಎಡಗೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ಕಲಿತು ಈಗ ಆ ವಿಷಯದಲ್ಲಿ ಬಹಳ ಜಂಬ. ನಾನು ಸಹಾಯಕ್ಕೆ ಹೋದರೆ ಕೈ ತಳ್ಳುತ್ತಾನೆ. ಮಾತು ಮೊದಲಿಗಿಂತ ಸ್ಪಷ್ಟವಾಗಿದೆ, ಬೈಗುಳವಂತೂ ಪೂರ್ತಿ ವಾಪಸು ಬಂದಿದೆ. ನನ್ನ ಆರೋಗ್ಯದ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ, ಅದಕ್ಕೆ ಮೊದಲು ಹೇಳಬೇಕಾದದ್ದು ಸಾಕಷ್ಟಿದೆ. ಈ ಕಾಗದ ಉದ್ದವಾಗುತ್ತದೆ, ದಯವಿಟ್ಟು ನಿನ್ನ ಅಭ್ಯಾಸದಂತೆ ಮೊದಲ ಪುಟ ಓದಿ ಜೇಬಿಗೆ ಸೇರಿಸಬೇಡ.

ನಿನ್ನ ಸಣ್ಣ ಪಿಸ್ತೂಲಿನಲ್ಲಿ ಎರಡು ಸಲ ಗುಂಡು ಸಿಕ್ಕಿಹಾಕಿಕೊಂಡಿತು, ಒಂದು ಸಲವಂತೂ ರಸ್ತೆಗೆ ಮರ ಅಡ್ಡ ಹಾಕಿದವರು ಹತ್ತು ಹೆಜ್ಜೆ ದೂರದಲ್ಲಿದ್ದಾಗಲೇ ಸಿಕ್ಕಿಹಾಕಿಕೊಂಡಿತು, ಆದ್ದರಿಂದ ಅಪ್ಪನ ಬೀರುವಿನಲ್ಲಿರುವ ಆ ದೊಡ್ಡದನ್ನು ಕಳಿಸು ಎಂದು ನೀನು ಬರೆದು ಒಂದೂವರೆ ತಿಂಗಳಾಯಿತು. ಕ್ವಾರಿಗೆ ಸಿಡಿಮದ್ದು ಒಯ್ಯುವ ಲಾರಿಯಲ್ಲಿ ಕೂತವನು ಹೀಗೆ ಬರೆದರೆ ಅಕ್ಕನಾದವಳಿಗೆ ನಿದ್ದೆ ಬರುತ್ತದೆಯೇ? ಮರುದಿನವೇ ಕಳಿಸೋಣ ಎಂದುಕೊಂಡೆ. ಆದರೆ ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಒಮ್ಮೆ ಇನ್ನೊಬ್ಬರ ಕೈಯಲ್ಲಿದ್ದು ವಾಪಸು ಬಂದ ಪಿಸ್ತೂಲನ್ನು ಹೊಸಬರಿಗೆ ಕೊಡುವ ಮುಂಚೆ ಹಳೆಯ ಮಾಲೀಕರಿಗೆಲ್ಲ ಕಾಗದ ಬರೆಯಬೇಕು, ಎರಡು ಪ್ರಶ್ನೆ ಕೇಳಬೇಕು. ಕೈಗೆ ಹೇಗೆ ಕೂರುತ್ತಿತ್ತು? ಯಾವತ್ತಾದರೂ ಕೈಕೊಟ್ಟಿತೇ? ಜೊತೆಗೆ ಅವರ ಕೈಯನ್ನು ಕಾಗದದ ಮೇಲೆ ಚಾಚಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸುವಂತೆ ಕೇಳಿಕೊಳ್ಳಬೇಕು. ಕೊಂಡಾಗ ನಾವು ಎಳೆದಿಟ್ಟ ಗೆರೆ ಹೇಗೂ ಫೈಲಿನಲ್ಲಿ ಇರುತ್ತದೆ. ಕೈಯೂ ಬದಲಾಗುತ್ತೆ, ಮರವೂ ಸವೆಯುತ್ತೆ, ಎರಡರಲ್ಲಿ ಯಾವುದು ಅಂತ ತಿಳೀದೆ ಕೊಡಬಾರದು ಎಂದು ಅಪ್ಪ ಹೇಳುತ್ತಿದ್ದನಲ್ಲ. ತಮ್ಮನಿಗೆ ಕೊಡುವಾಗ ಪದ್ಧತಿ ಬಿಟ್ಟರೆ ಇನ್ಯಾರಿಗೆ ಪಾಲಿಸಬೇಕು ಎಂದುಕೊಂಡು ಮೂವರಿಗೂ ಬರೆದೆ. ಅಪ್ಪನಿಗೆ ಹೇಳಲಿಲ್ಲ. ಹೋದ ರಜೆಯಲ್ಲಿ ನೀನು ಬೀರುವಿಗೆ ಕೈ ಹಾಕಲು ಹೋದಾಗ ಅವನು ಉಕ್ಕಿನ ಸ್ಕೇಲಿನಿಂದ ನಿನ್ನ ಮಣಿಕಟ್ಟಿಗೆ ಬಾರಿಸಿದ್ದು ನೆನಪಿತ್ತು. ಮುದುಕರ ಹಟ ಎಂದು ಆಗ ಇಬ್ಬರೂ ನಕ್ಕಿದ್ದೆವು.

ಪಿಸ್ತೂಲನ್ನು ನೀನು ದೂರದಿಂದ ನೋಡಿದ್ದೀಯ. ಕಪ್ಪು ಉಕ್ಕು, ಪೂರ್ತಿ ಅಳತೆಯದು, ಐದು ಅಂಗುಲದ ನಳಿಕೆ, ಗುಂಡು ತುಂಬಿದರೆ ಕೆಜಿಗೂ ಮೇಲೆ. ಹಿಡಿ ದಪ್ಪ. ಎರಡು ಪಕ್ಕದ ಮರದ ತಟ್ಟೆಗಳನ್ನು ಅಪ್ಪನೇ ಕೆತ್ತಿದ್ದು, ಬಲಗೈಯವರ ಹೆಬ್ಬೆರಳು ಕೂರುವಂತೆ ಒಂದು ಸಣ್ಣ ತಗ್ಗು. ಇಂಥ ದೊಡ್ಡ ಪಿಸ್ತೂಲಿನ ಬಗ್ಗೆ ಮಾಲೀಕರು ಏನು ಹೇಳುತ್ತಾರೆಂಬುದು ನನಗೆ ಬಾಯಿಪಾಠ. ದೊಡ್ಡ ಕೈಯವರು ಹೊಗಳುತ್ತಾರೆ. ಸಣ್ಣ ಕೈಯವರು ಬೆರಳು ಟ್ರಿಗರಿಗೆ ಎಟುಕುವುದಿಲ್ಲ, ಸೊಂಟಕ್ಕೆ ಭಾರ, ಕೂತರೆ ಪಕ್ಕೆಗೆ ಚುಚ್ಚುತ್ತದೆ ಎಂದು ಗೊಣಗುತ್ತಾರೆ. ಎಲ್ಲರ ಕೈಗೂ ಒಂದೇ ರೀತಿ ಕೂರುವ ಪಿಸ್ತೂಲು ಇಲ್ಲ, ಇದ್ದಿದ್ದರೆ ನಮ್ಮಂಥವರು ಎಂದೋ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಮೊದಲ ಉತ್ತರ ಲಾರಿ ಡ್ರೈವರನದು. ಪಿಸ್ತೂಲಿನ ಮೊದಲ ಮಾಲೀಕ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ ಆ ದೈತ್ಯ, ನೀನು ಚಿಕ್ಕವನಿದ್ದಾಗ ನಿನ್ನನ್ನು ಒಂದೇ ಕೈಯಲ್ಲಿ ಎತ್ತಿ ಕೌಂಟರಿನ ಮೇಲೆ ಕೂರಿಸಿದ್ದನಲ್ಲ, ಅವನೇ. ಐದು ವರ್ಷ ಇಟ್ಟುಕೊಂಡಿದ್ದ. ಕೆಸರಿನಲ್ಲಿ ಬಿದ್ದರೂ, ಧೂಳು ತಿಂದರೂ, ಮೂರು ತಿಂಗಳು ಎಣ್ಣೆ ಕಾಣದಿದ್ದರೂ ಒಂದು ಗುಂಡೂ ಸಿಕ್ಕಿಹಾಕಿಕೊಂಡಿಲ್ಲ ಎಂದು ಬರೆದಿದ್ದಾನೆ. ಹಿಡಿ ಮೊದಲು ನನ್ನ ಕೈಗೆ ತೀರಾ ಸಣ್ಣದಾಗಿತ್ತು, ಆಮೇಲೆ ಸರಿಹೋಯಿತು ಎಂದಿದ್ದಾನೆ. ನನಗೆ ನಗು ಬಂತು, ಅಭ್ಯಾಸವಾದರೆ ಎಲ್ಲವೂ ಸರಿಹೋಗುತ್ತದೆ. ಕೊನೆಯಲ್ಲಿ, ಯಾರೂ ಕೇಳದೆ, ಒಂದು ಸಾಲು ಸೇರಿಸಿದ್ದ. ಲಾರಿ ಓಡಿಸುವುದನ್ನು ಬಿಟ್ಟಿದ್ದಾನಂತೆ, ಮಧ್ಯಾಹ್ನ ಮೂರೂಕಾಲಿಗೆ ಎಲ್ಲಿದ್ದರೂ ಗಾಡಿ ಪಕ್ಕಕ್ಕೆ ಹಾಕಬೇಕಾಗುತ್ತದಂತೆ. ಏನೋ ರಕ್ತದೊತ್ತಡ ಇರಬೇಕು, ಪಾಪ ಎಂದುಕೊಂಡು ಪಕ್ಕಕ್ಕಿಟ್ಟೆ.

ಎರಡನೆಯದು ನಮ್ಮ ಹಲ್ಲಿನ ಡಾಕ್ಟರಮ್ಮನದು. ಇಲ್ಲೇ ಎರಡು ರಸ್ತೆ ಆಚೆ ಇರುವವರು ಅಂಚೆಯಲ್ಲಿ ಉತ್ತರ ಕಳಿಸಿದ್ದು ನನಗೆ ಸ್ವಲ್ಪ ವಿಚಿತ್ರವೆನಿಸಿತು. ಅವರು ಗುರಿ ಹೊಡೆಯುವ ಸ್ಪರ್ಧೆಗೆಂದು ಕೊಂಡಿದ್ದರು. ಅವರದು ಎಷ್ಟು ಪುಟ್ಟ ಕೈ ಎಂದರೆ ಅಪ್ಪ ಆಗ ಗೆರೆ ಎಳೆಯುತ್ತಾ, ಡಾಕ್ಟರೇ ನಿಮಗೆ ಇದು ಬೇಡ, ಎರಡೂ ಕೈ ಸೇರಿಸಿದ್ರೂ ತುಂಬಲ್ಲ ಎಂದು ತಮಾಷೆ ಮಾಡಿದ್ದ. ಈಗ ಅವರು ಒಂದೇ ಸಾಲು ಬರೆದಿದ್ದಾರೆ: ನನಗಾಗಿಯೇ ಮಾಡಿದಂತೆ ಕೂರುತ್ತಿತ್ತು, ಒಮ್ಮೆಯೂ ಕೈಕೊಡಲಿಲ್ಲ.

ಮೂರನೆಯದು ದನದ ಡಾಕ್ಟರನದು. ಇವನಿಗೆ ಮಾರಿದವಳು ನಾನೇ, ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳು. ಇದು ಎಡಗೈಯವರಿಗೆ ಆಗಲ್ಲ ಸಾರ್ ಎಂದರೂ ಕೇಳದೆ, ಅಭ್ಯಾಸ ಮಾಡ್ಕೋತೀನಿ ಬಿಡಮ್ಮಾ ಎಂದು ಒಯ್ದಿದ್ದ. ಕಾಲು ಮುರಿದ ಕುದುರೆ, ಹುಚ್ಚು ಹಿಡಿದ ನಾಯಿ ಇಂಥವಕ್ಕೆ ಬೇಕಾಗಿತ್ತು. ಅವನ ಉತ್ತರ ಎರಡು ಪುಟ ಇದೆ. ಅಕ್ಷರ ನೋಡಿ ಇದು ಬೇರೆ ಯಾರದೋ ಎಂದುಕೊಂಡೆ, ರಸೀತಿ ಪುಸ್ತಕದಲ್ಲಿ ಹಿಂದಕ್ಕೆ ವಾಲುತ್ತಿದ್ದ ಎಡಗೈ ಅಕ್ಷರ ಈಗ ನೆಟ್ಟಗೆ ನಿಂತಿದೆ. ಈಗ ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತೇನೆ ಎಂದು ಅವನೇ ಬರೆದಿದ್ದಾನೆ. ನಂಬಿಕೆಯ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ ಎಂದು ಹೊಗಳಿ, ಒಂದು ಘಟನೆ ಹೇಳುತ್ತಾನೆ. ಒಂದು ಹೆಣ್ಣು ಕುದುರೆ, ಮುಂಗಾಲಿಗೆ ಪೆಟ್ಟು. ಇವನು ಮಂಡಿಯೂರಿ ಕೂತು, ಪಟ್ಟಿ ಕಟ್ಟಿದರೆ ಬದುಕಿಸಬಹುದೇನೋ ಎಂದು ಮೂಳೆ ಮುಟ್ಟಿ ನೋಡುತ್ತಿದ್ದನಂತೆ. ಬದುಕಿಸಬಹುದು ಅನ್ನಿಸಿತಂತೆ. ಅಷ್ಟರಲ್ಲಿ ಗುಂಡು ಹಾರಿತ್ತು. ಪಿಸ್ತೂಲನ್ನು ಚೀಲದಿಂದ ತೆಗೆದದ್ದೇ ನನಗೆ ನೆನಪಿಲ್ಲ, ನಾನು ತೀರ್ಮಾನ ಮಾಡುವ ಮೊದಲೇ ಕೆಲಸ ಮುಗಿದಿತ್ತು, ಅಷ್ಟು ಚುರುಕು ಎಂದು ಬರೆದಿದ್ದಾನೆ. ಅವನು ಅದನ್ನು ದೂರು ಎಂದು ಬರೆದಿಲ್ಲ, ಮೆಚ್ಚುಗೆ ಎಂದೇ ಬರೆದಿದ್ದಾನೆ. ಅದನ್ನು ಓದುವಾಗ ನನಗೆ ಒಳಗೊಳಗೇ ಏನೋ ಕಸಿವಿಸಿಯಾಯಿತು. ಆದರೂ ಮೂರು ಉತ್ತರದಲ್ಲೂ ಹೊಗಳಿಕೆಯೇ ಇತ್ತು, ನಿನಗೆ ಬೇಕಾದದ್ದು ಸಿಕ್ಕಿಹಾಕಿಕೊಳ್ಳದ ಪಿಸ್ತೂಲು, ಇನ್ನೇನು ಯೋಚನೆ ಎಂದು ನನ್ನ ತಲೆಯನ್ನು ನಾನೇ ಬೈದುಕೊಂಡೆ.

ಕೊಡುವ ಮುಂಚೆ ನಮ್ಮ ಕೈಯಿಂದ ಒಂದು ಮ್ಯಾಗಝಿನ್ ಗುಂಡು ಹೊಡೆದು ನೋಡಬೇಕಲ್ಲ. ಹೋದ ಬುಧವಾರ ಅಪ್ಪ ಮಲಗಿದ್ದಾಗ ದಿಂಬಿನಡಿಯ ಬೀಗದ ಕೈ ತೆಗೆದುಕೊಂಡು ಪಿಸ್ತೂಲನ್ನು ಹಿಂದಿನ ಮರಳಿನ ಗುಂಡಿಯ ಹತ್ತಿರ ಒಯ್ದೆ. ಹದಿನೈದು ಗುಂಡು, ಹದಿನೈದೂ ಒಂದು ಬಟ್ಟಲಿನಷ್ಟು ಜಾಗದಲ್ಲಿ ಬಿದ್ದವು. ನಾನು ಅಷ್ಟು ಚೆನ್ನಾಗಿ ಹೊಡೆಯುವವಳಲ್ಲ. ಅದಕ್ಕಿಂತ ಹೆಚ್ಚಾಗಿ, ಪಿಸ್ತೂಲು ನನ್ನ ಕೈಗೆ ಕೂತಿತ್ತು. ನನ್ನ ಬಲಗೈ ಹೆಬ್ಬೆರಳಿನ ಮೇಲಿನ ಗೆಣ್ಣು ಇಲ್ಲವೆಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬಾಗಿಲು ದಡಾರನೆ ಹಾಕಿದವನು ನೀನೇ. ಆರು ವರ್ಷದ ಮಗು ನೀನು, ನನಗಿಂತ ಜೋರಾಗಿ ಅತ್ತಿದ್ದೆ. ಅವತ್ತಿನಿಂದ ಯಾವ ಪಿಸ್ತೂಲೂ ನನ್ನ ಕೈಗೆ ಸರಿಯಾಗಿ ಕೂತದ್ದಿಲ್ಲ, ಹೆಬ್ಬೆರಳ ಜಾಗದಲ್ಲಿ ಯಾವಾಗಲೂ ಒಂದು ಖಾಲಿ. ಇದರಲ್ಲಿ ಆ ಖಾಲಿ ಇರಲಿಲ್ಲ. ಕಣ್ಣಿಂದ ನೋಡಿದರೆ ಬೆರಳಿನ ತುದಿ ತಗ್ಗನ್ನು ಮುಟ್ಟುತ್ತಿಲ್ಲ, ಕಣ್ಣು ಮುಚ್ಚಿದರೆ ಮುಟ್ಟುತ್ತಿದೆ. ಮೂರು ಸಲ ಕಣ್ಣು ಮುಚ್ಚಿ ತೆರೆದು ನೋಡಿದೆ. ಆಮೇಲೆ ಒಳಗೆ ಬಂದು ಕೈ ತೊಳೆದುಕೊಂಡೆ.

ಆಗ ಆ ಮೂವರು ಕಳಿಸಿದ ಕೈಗೆರೆಗಳನ್ನು ಮೊದಲ ಸಲ ಬಿಡಿಸಿ ನೋಡಿದೆ. ಉತ್ತರ ಓದಿದ ಖುಷಿಯಲ್ಲಿ ಅವನ್ನು ಮಡಿಸಿದಂತೆಯೇ ಇಟ್ಟುಬಿಟ್ಟಿದ್ದೆ, ಇದು ನನ್ನ ತಪ್ಪು. ಫೈಲಿನಲ್ಲಿದ್ದ ಹಳೆಯ ಗೆರೆಗಳಲ್ಲಿ ಡ್ರೈವರನ ಕೈ ಮೊರದಗಲ ಇದೆ, ಡಾಕ್ಟರಮ್ಮನದು ಅದರೊಳಗೆ ಎರಡು ಸಲ ಹಿಡಿಸುತ್ತದೆ, ದನದ ಡಾಕ್ಟರನದು ಎಡಗೈ. ಹೊಸ ಮೂರೂ ಬಲಗೈ. ಹೆಬ್ಬೆರಳ ಬುಡದಿಂದ ತೋರುಬೆರಳ ಮೊದಲ ಗೆಣ್ಣಿಗೆ ಸ್ಕೇಲ್ ಇಟ್ಟೆ. ಎಂಬತ್ತೊಂದು ಮಿಲಿಮೀಟರ್. ಮುಂದಿನದೂ ಎಂಬತ್ತೊಂದು. ಅದರ ಮುಂದಿನದೂ. ಮೂರನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ಬೆಳಕಿನಲ್ಲಿ ಒಂದೇ ಗೆರೆ ಕಾಣುತ್ತದೆ. ಮೂರರಲ್ಲೂ ಕಿರುಬೆರಳು ಒಳಕ್ಕೆ ಸೊಟ್ಟಗಾಗಿದೆ, ಎಂದೋ ಮುರಿದು ತಪ್ಪಾಗಿ ಕೂಡಿಕೊಂಡ ಹಾಗೆ. ಹಾಡುಹಗಲು, ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ರಿಪೇರಿ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದರು.

ಮರುದಿನ ಹಲ್ಲು ನೋವಿನ ನೆಪ ಮಾಡಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಪೆದ್ದು, ಬಾಯಿ ಅಗಲಿಸಿಕೊಂಡು ಆ ಕುರ್ಚಿಯಲ್ಲಿ ಮಲಗಿದವಳಿಗೆ ಪ್ರಶ್ನೆ ಕೇಳಲಾಗುವುದಿಲ್ಲ ಎಂಬುದು ಮಲಗಿದ ಮೇಲೆ ಹೊಳೆಯಿತು. ಅವರ ಎಡಗೈ ನನ್ನ ಕೆನ್ನೆಯ ಮೇಲಿತ್ತು, ಅದು ಅದೇ ಪುಟ್ಟ, ಬೆಚ್ಚಗಿನ ಕೈ. ಬಲಗೈಯ ಗ್ಲೌಸ್ ಮಾತ್ರ ಬೇರೆ ಅಳತೆಯದು, ಎರಡು ಸೈಜ್ ದೊಡ್ಡದು, ಕಿರುಬೆರಳ ಹತ್ತಿರ ಸುಕ್ಕುಗಟ್ಟಿತ್ತು. ನಾನು ನೋಡುತ್ತಿರುವುದನ್ನು ಅವರು ನೋಡಿದರು. ಗ್ಲೌಸ್ ತೆಗೆದು ಕೈಯನ್ನು ನನ್ನ ಮುಂದೆ ಹಿಡಿದರು. ಗಂಡಸಿನ ಕೈ. ಅಂಗೈಯಲ್ಲಿ ಕಬ್ಬಿಣ ಹಿಡಿದು ಹಿಡಿದು ಬಂದ ಗಂಟುಗಳು. ನೋವಿಲ್ಲ, ಕೆಲಸ ಚೆನ್ನಾಗೇ ಮಾಡುತ್ತೆ, ಮೊದಲಿಗಿಂತ ಗಟ್ಟಿ ಎಂದರು, ಯಾವುದೋ ಹೊಸ ಉಪಕರಣದ ಬಗ್ಗೆ ಹೇಳುವ ಹಾಗೆ. ಮೂರು ಗಂಟೆಯಿಂದ ಮೂರೂವರೆವರೆಗೆ ರೋಗಿಗಳನ್ನು ನೋಡುವುದಿಲ್ಲವಂತೆ, ಆ ಹೊತ್ತಿಗೆ ಕೈ ತಾನಾಗಿಯೇ ಸುತ್ತುತ್ತದಂತೆ, ದೊಡ್ಡ ಚಕ್ರ ತಿರುಗಿಸುವ ಹಾಗೆ, ಸುಮಾರು ಕಾಲು ಗಂಟೆ. ಆಮೇಲೆ ಅವರ ದನಿ ಸಣ್ಣದಾಯಿತು. ಒಂದೇ ಬೇಜಾರು ನೋಡಿ, ಮಗಳಿಗೆ ಜಡೆ ಹಾಕಕ್ಕೆ ಬರಲ್ಲ, ಈ ಕೈಗೆ ಅದು ಗೊತ್ತಿಲ್ಲ ಎಂದರು. ನಾನು ಹಲ್ಲು ನೋವಿನ ನೆಪವನ್ನೂ ಮರೆತು ಎದ್ದು ಬಂದೆ. ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ ಎಂದು ನಿನ್ನ ಹತ್ತಿರ ಹೇಳಲು ನನಗೇನು ನಾಚಿಕೆಯಿಲ್ಲ.

ಅಪ್ಪನ ಮುಂದೆ ಮೂರೂ ಹಾಳೆ ಇಟ್ಟೆ. ಅವನು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಆಮೇಲೆ ಎಲ್ಲವನ್ನೂ ಹೇಳಿದ. ಆ ಹಿಡಿಯನ್ನು ಅವನು ಕೆತ್ತಿದ್ದು ಡ್ರೈವರನಿಗಲ್ಲ. ಅದಕ್ಕೂ ಮೊದಲು ಒಬ್ಬನಿದ್ದ, ದೋಣಿಗಳಿಗೆ ದಾರಿ ಬಿಡಲು ಎತ್ತುವ ಸೇತುವೆಯ ಕಾವಲುಗಾರ. ದಿನಾ ಮಧ್ಯಾಹ್ನ ಮೂರೂಕಾಲಿಗೆ ಚಕ್ರ ತಿರುಗಿಸಿ ಸೇತುವೆ ಎತ್ತುವುದು ಅವನ ಕೆಲಸ. ಆ ಚಕ್ರಕ್ಕೆ ಸಿಕ್ಕಿಯೇ ಕಿರುಬೆರಳು ಸೊಟ್ಟಗಾಗಿತ್ತು. ಅವನು ಪಿಸ್ತೂಲು ಕೊಟ್ಟು, ಕೈಗೆರೆ ಕೊಟ್ಟು ಹೋದ, ತೆಗೆದುಕೊಂಡು ಹೋಗಲು ಬರಲಿಲ್ಲ, ಸತ್ತಿದ್ದ. ಹಾಗಾದಾಗ ಏನು ಮಾಡಬೇಕೆಂಬುದು ಅಜ್ಜನ ಕಾಲದಿಂದ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಒಯ್ಯುವ ಮೊದಲೇ ಸತ್ತವನ ಅಳತೆಗೆ ಕೆತ್ತಿದ ಮರವನ್ನು ಬಿಚ್ಚಿ, ಅವನ ಕೈಗೆರೆಯ ಜೊತೆಗೆ ಸುಡಬೇಕು, ಬರೀ ಉಕ್ಕನ್ನು ಮಾತ್ರ ಮುಂದಕ್ಕೆ ಮಾರಬೇಕು. ಅಪ್ಪ ಸುಡಲಿಲ್ಲ. ಯಾಕೆ ಎಂದು ಕೇಳಿದೆ. ಚೆನ್ನಾಗಿ ಬಂದಿತ್ತು ಕಣಮ್ಮಾ, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಬಂದಿಲ್ಲ, ಮನಸ್ಸು ಬರಲಿಲ್ಲ ಎಂದ. ಇಷ್ಟೇ ಕಾರಣ. ತಾನು ಮಾಡಿದ್ದು ತನಗೇ ಮೆಚ್ಚುಗೆಯಾಯಿತು, ಅದನ್ನು ನಾಲ್ಕು ಜನ ಹಿಡಿದು ನೋಡಲಿ ಎಂಬ ಆಸೆ. ಡ್ರೈವರನಿಗೂ ಡಾಕ್ಟರಮ್ಮನಿಗೂ ಏನಾಗುತ್ತಿದೆ ಎಂದು ಅನುಮಾನ ಬಂದಾಗ ನಾನು ಅದನ್ನು ದನದ ಡಾಕ್ಟರನಿಗೆ ಮಾರಿಯಾಗಿತ್ತು. ಅದು ವಾಪಸು ಬಂದ ದಿನವೇ ಬೀಗ ಹಾಕಿದ, ನಮಗೆ ಹೇಳಲು ಮುಖ ಇರಲಿಲ್ಲವಂತೆ. ನನ್ನ ಬಲಗೈ ಹೋದದ್ದು ಪುಣ್ಯ, ಇಲ್ಲದಿದ್ದರೆ ಇನ್ನೊಂದು ಅಂಥದ್ದೇ ಕೆತ್ತುತ್ತಿದ್ದೆ ಎಂದ. ನನಗೆ ಸಿಟ್ಟೂ ಬಂತು, ಅವನ ತಲೆ ನೇವರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಅಡುಗೆಮನೆಗೆ ಹೋಗಿ ಚಹಾ ಇಟ್ಟೆ.

ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಸಿ, ಇವತ್ತು ಇದನ್ನು ಮುಗಿಸಿಯೇ ಬಿಡುತ್ತೇನೆ ಎಂದು ಪಿಸ್ತೂಲನ್ನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ ಸಣ್ಣ ಗರಗಸ ಕೈಗೆತ್ತಿಕೊಂಡೆ. ತಿರುಪು ಬಿಚ್ಚುವ ತಾಳ್ಮೆಯೂ ಇರಲಿಲ್ಲ, ಮರವನ್ನು ಹಾಗೇ ಸೀಳಿ ಒಲೆಗೆ ಹಾಕೋಣ ಎಂದಿದ್ದೆ. ಗರಗಸದ ಹಲ್ಲು ಮರಕ್ಕೆ ತಾಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಅಪ್ಪ ಒಳಗಿನಿಂದ, ಏನಮ್ಮಾ ಇಷ್ಟು ಹೊತ್ತು ಎಂದು ಕೂಗಿದ್ದು. ಗಡಿಯಾರ ನೋಡಿದರೆ ನಾಲ್ಕೂವರೆ. ಗರಗಸ ಗೋಡೆಯ ಮೊಳೆಯಲ್ಲಿ ಅದರ ಜಾಗದಲ್ಲಿ ನೇತಾಡುತ್ತಿತ್ತು. ಮೇಜಿನ ಮೇಲೆ ಅಗಸೆ ಎಣ್ಣೆಯ ಡಬ್ಬಿ ತೆರೆದಿತ್ತು, ಪಾಲಿಶ್ ಪೇಪರಿನ ಪುಡಿ ಚೆಲ್ಲಿತ್ತು. ಮೃದುವಾದ ಬಟ್ಟೆಯಲ್ಲಿ ಸುತ್ತಿದ್ದ ಗಂಟು ನನ್ನ ಮಡಿಲಲ್ಲಿತ್ತು, ನನ್ನ ಬೆರಳೆಲ್ಲ ಎಣ್ಣೆ. ಮೂರೂವರೆ ಗಂಟೆಗಳ ಕಾಲ ಕೂತು ನಾನು ಅದನ್ನು ಉಜ್ಜಿ ಎಣ್ಣೆ ಹಚ್ಚಿದ್ದೆ. ಗಂಟನ್ನು ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಹಾಗೇ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಅಪ್ಪನ ಕೊರಳಿಗೆ ಹಾಕಿದೆ. ಏನೇ ಕೇಳಿದರೂ ನನಗೆ ಕೊಡಬೇಡ ಎಂದೆ. ನಾಳೆ ಬೆಳಿಗ್ಗೆ ಅಪ್ಪನೇ ಎಡಗೈಯಲ್ಲಿ ತಿರುಪು ಬಿಚ್ಚಿ ಅದನ್ನು ಸುಡುತ್ತಾನೆ. ಇವತ್ತೇ ಮಾಡೋಣವೆಂದರೆ ಅವನಿಗೆ ಬೆಳಿಗ್ಗೆಯಿಂದ ತಲೆಸುತ್ತು, ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಪೆದ್ದು, ದೊಡ್ಡ ಪಿಸ್ತೂಲು ನಿನಗೆ ಬರುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಸಣ್ಣದಕ್ಕೆ ಹೊಸ ಸ್ಪ್ರಿಂಗ್ ಈ ಲಕೋಟೆಯಲ್ಲೇ ಇದೆ, ಹಳೆಯದು ಸೋತಿರುವುದರಿಂದಲೇ ಅದು ಸಿಕ್ಕಿಹಾಕಿಕೊಳ್ಳುತ್ತಿದೆ. ಹಾಕಿ ನೂರು ಗುಂಡು ಹೊಡೆದು ನೋಡಿ ಬರಿ. ಹೊಡೆಯುವಾಗ ಮಣಿಕಟ್ಟು ಸಡಿಲ ಬಿಡಬೇಡ, ಅದೂ ಒಂದು ಕಾರಣ. ಮರ ಅಡ್ಡ ಹಾಕಿದವರ ವಿಷಯ ಬರೆದಾಗ ನೀನು ಇನ್ನೊಂದು ಮಾತು ಬರೆದಿದ್ದೆ, ಅದನ್ನು ನಾನು ಈ ವಾರದಲ್ಲಿ ಎಷ್ಟು ಸಲ ಓದಿದೆನೋ. ಪಿಸ್ತೂಲು ಸಿಕ್ಕಿಹಾಕಿಕೊಂಡು ನೀನು ಬೆವರುತ್ತಿದ್ದಾಗ ಅವರಲ್ಲೊಬ್ಬ ಕೈಯೆತ್ತಿದನಲ್ಲ, ಅವರು ಕಳ್ಳರಲ್ಲ, ರಸ್ತೆಗೆ ಬಿದ್ದ ಮರವನ್ನು ಪಕ್ಕಕ್ಕೆ ಎಳೆಯುತ್ತಿದ್ದ ಕೂಲಿಯವರು ಎಂದು ಆಮೇಲೆ ಗೊತ್ತಾಯಿತಲ್ಲ. ನೀನು ಅದನ್ನು ತಮಾಷೆಯಾಗಿ ಬರೆದಿದ್ದೆ. ನಿನ್ನ ಕೈಯಲ್ಲಿ ದನದ ಡಾಕ್ಟರನ ಆ ಚುರುಕು ಪಿಸ್ತೂಲು ಇದ್ದಿದ್ದರೆ? ನೀನು ಚಿಕ್ಕಂದಿನಿಂದಲೂ ಹಿಂದೆಮುಂದೆ ನೋಡುವವನು, ಇಲಿ ಹಿಡಿದರೂ ಬಿಡಲೋ ಬೇಡವೋ ಎಂದು ಅರ್ಧ ದಿನ ಯೋಚಿಸುತ್ತಿದ್ದೆ. ಅದಕ್ಕೆ ನಾನು ಎಷ್ಟು ಗೇಲಿ ಮಾಡಿದ್ದೇನೆ. ಈಗ ಹೇಳುತ್ತೇನೆ, ಆ ಯೋಚನೆಯನ್ನು ಬಿಡಬೇಡ. ಅದಿದ್ದರೆ ಮಾತ್ರ ನೀನು ನನ್ನ ತಮ್ಮ.

ನನ್ನ ಆರೋಗ್ಯದ ವಿಷಯ ಕೊನೆಯಲ್ಲಿ ಬರೆಯುತ್ತೇನೆ ಎಂದಿದ್ದೆ. ಜ್ವರವಿಲ್ಲ, ನೋವಿಲ್ಲ. ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗ ನೋಡಿದೆ, ನನ್ನ ಬಲಗೈ ಹೆಬ್ಬೆರಳಿಗೆ ಉಗುರು ಬರುತ್ತಿದೆ. ಅಕ್ಕಿಕಾಳಿನಷ್ಟು, ಬೆಳ್ಳಗೆ. ಇಪ್ಪತ್ತಾರು ವರ್ಷದಿಂದ ಇಲ್ಲದ್ದು. ನೀನು ಪ್ರತಿ ರಜೆಗೆ ಬಂದಾಗಲೂ ಕದ್ದು ಆ ಬೆರಳನ್ನು ನೋಡುತ್ತೀಯ, ನನಗೆ ಗೊತ್ತು. ಬೆರಳು ಸರಿಹೋದರೆ ನಿನ್ನ ಮನಸ್ಸಿನ ಭಾರ ಇಳಿಯಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನನಗೆ ಆ ಮುರುಕು ಬೆರಳೇ ಬೇಕು ಕಣೋ. ಅದು ನನ್ನದು, ಅದನ್ನು ಮಾಡಿದವನು ನೀನು, ಈ ಹೊಸ ಉಗುರು ಯಾರದೋ. ಮರ ಸುಟ್ಟ ಮೇಲೆ ಎಲ್ಲವೂ ನಿಲ್ಲುತ್ತದೆ ಎಂದು ಅಪ್ಪ ಹೇಳುತ್ತಾನೆ, ಡಾಕ್ಟರಮ್ಮನ ಕೈಯೂ ನಿಧಾನಕ್ಕೆ ಸರಿಹೋಗಬಹುದಂತೆ. ಅವನು ಹೇಳಿದ್ದನ್ನು ನಂಬಬೇಕೆಂದು ನನಗೆ ಬಹಳ ಆಸೆ.

ಹೊತ್ತು ಹೊತ್ತಿಗೆ ಉಣ್ಣು, ಬೆನ್ನಿಗೆ ದಿಂಬು ಇಟ್ಟುಕೋ, ನಿನ್ನ ಲಾರಿಯವರಿಗೆ ನಾನು ಕೇಳಿದೆನೆಂದು ಹೇಳು. ಅಪ್ಪ ನಿನ್ನನ್ನು ಹರಸಿ, ಸ್ಕೇಲಿನಲ್ಲಿ ಹೊಡೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದು ಬರೆಯಲು ಹೇಳಿದ್ದಾನೆ. ನೂರು ವರ್ಷ ಬಾಳು, ನಿನ್ನ ಕೈಕಾಲೆಲ್ಲ ನಿನ್ನವಾಗಿಯೇ ಇರಲಿ.

ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಷ್ಟಪಟ್ಟು ಓದು. ಈ ಕಾಗದ ಹಾಕಲು ಬಂದರೆ ಪಾರ್ಸೆಲ್ ಕೌಂಟರಿನ ಗುಮಾಸ್ತ, ನಿಮ್ಮ ತಮ್ಮನ ಪೆಟ್ಟಿಗೆ ನಿನ್ನೆ ಸಂಜೆ ಗಾಡಿಗೇ ಹೋಯ್ತು ಮೇಡಂ ಎಂದ. ಯಾವ ಪೆಟ್ಟಿಗೆ ಎಂದೆ. ಮೂರೂವರೆಗೆ ನೀವೇ ತಂದು ಕೊಟ್ರಲ್ಲ, ಲೈಸೆನ್ಸ್ ಕಾಗದಾನೂ ತೋರಿಸಿದ್ರಿ, ಇಷ್ಟು ಬೇಗ ಮರೆತ್ರಾ ಎಂದು ನಕ್ಕ. ಚೀಟಿ ತೋರಿಸಿದ. ನಿನ್ನ ವಿಳಾಸ, ಕೆಳಗೆ ನನ್ನ ಸಹಿ. ಮನೆಗೆ ಓಡಿ ಅಪ್ಪನ ಕೊರಳಿನಿಂದ ಬೀಗದ ಕೈ ತೆಗೆದು ಬೀರು ತೆರೆದೆವು. ಆ ಗಂಟಿನೊಳಗೆ ಇದ್ದದ್ದು ಉಕ್ಕು ಉಜ್ಜುವ ಒಂದು ಅರ, ಒಂದು ಸುತ್ತಿಗೆಯ ತಲೆ. ಮತ್ತೆ ಇಲ್ಲಿಗೇ ಓಡಿ ಬಂದೆ. ಪೆಟ್ಟಿಗೆ ನಿನಗೆ ತಲುಪಲು ಮೂರು ದಿನ, ಅದರಲ್ಲಿ ಒಂದು ಆಗಲೇ ಹೋಯಿತು. ಈ ಕಾಗದವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ, ಇದೇ ಮೊದಲು ಬರಲಿ. ಪೆಟ್ಟಿಗೆ ಬಂದರೆ ತೆಗೆದುಕೊಳ್ಳಬೇಡ, ಬಿಚ್ಚಬೇಡ, ಒಂದು ಸಲ ಹಿಡಿದು ನೋಡೋಣ ಎಂದುಕೊಳ್ಳಬೇಡ. ಬಂದ ಹಾಗೇ ವಾಪಸು ಕಳಿಸು. ಅಪ್ಪನ ಹೆಸರಿಗೆ ಕಳಿಸು, ಅವನೊಬ್ಬನೇ ತೆರೆಯಬೇಕೆಂದು ಮೇಲೆ ಬರಿ. ನಾನು ಎಷ್ಟೇ ಕೇಳಿಕೊಂಡು ಬರೆದರೂ ನನ್ನ ಹೆಸರಿಗೆ ಕಳಿಸಬೇಡ.